ನೂರಕ್ಕೆ ಹನ್ನೊಂದು ಅಂಕದ ಚಿತ್ರ

ಧರೆಪ್ಪನ ಬಳಿ ನೀಲಿ ರಟ್ಟಿನ ಒಂದು ನೋಟುಬುಕ್ಕಿತ್ತು. ಕಾಲೇಜು ಸೇರಿದ ವರ್ಷದಿಂದ ತಾನು ನೋಡಿದ ಪ್ರತಿಯೊಂದು ಚಲನಚಿತ್ರಕ್ಕೂ ಅವನು ಅದರಲ್ಲಿ ಅಂಕ ಕೊಡುತ್ತ ಬಂದಿದ್ದ: ಕಥೆಗೆ ನಲವತ್ತು, ತಾಂತ್ರಿಕತೆಗೆ ಮೂವತ್ತು, ವಿಜ್ಞಾನಕ್ಕೆ ಮೂವತ್ತು. ದಿನಾಂಕ, ಊರು, ಕುಳಿತ ದರ್ಜೆ ಎಲ್ಲವೂ ಪಟ್ಟಿ ಹಿಡಿದು ಎಳೆದ ಗೆರೆಗಳ ನಡುವೆ ಇದ್ದವು. 'ನೌಕೆ ಹದಿನೇಳು' ಎಂಬ ಇಂಗ್ಲಿಷ್ ಸರಣಿಯ ಮೊದಲ ಭಾಗಕ್ಕೆ ಎಪ್ಪತ್ತೆಂಟು ಬಿದ್ದಿತ್ತು, ಎರಡನೆಯದಕ್ಕೆ ಎಂಬತ್ತೊಂದು. ಮೂರನೆಯದಕ್ಕೆ ಹನ್ನೊಂದು. ಆ ಹನ್ನೊಂದರ ಎದುರು ಕೆಂಪು ಶಾಯಿಯಲ್ಲಿ ಒಂದು ಷರಾ: 'ನಡುವೆ ಧ್ವನಿ ನಿಂತುಹೋಯಿತು. ಆಪರೇಟರನ ನಿರ್ಲಕ್ಷ್ಯ. ನಂತರದ ಕಥೆಗೆ ತಲೆಬುಡವಿಲ್ಲ.'

ಆ ಷರಾ ಬರೆದದ್ದು ೧೯೮೪ರಲ್ಲಿ, ತನ್ನೂರು ಐನಾಪುರದಲ್ಲಿ. ಅದಾದ ಹತ್ತು ವರ್ಷಗಳಲ್ಲಿ ಧರೆಪ್ಪ ಎಂ.ಎಸ್ಸಿ. ಮುಗಿಸಿ ಚಿಕ್ಕೋಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಅವನ ಬಾಲ್ಯದ ಗೆಳೆಯ ಪಾರಿಸ ಚಿಕ್ಕೋಡಿಯಲ್ಲೇ ಬಸ್ ನಿಲ್ದಾಣದ ಹಿಂದೆ ವಿಡಿಯೊ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದ. ಜೂನ್ ತಿಂಗಳ ಒಂದು ರವಿವಾರ ಮಧ್ಯಾಹ್ನ ಪಾರಿಸ ತಾನೇ ಧರೆಪ್ಪನ ಕೋಣೆಯ ತನಕ ಬಂದು ಕಿಟಕಿ ಬಡಿದ.

"ಲೇ ಧರ್ಯಾ, ಏಳ. ತಗಡಪ್ಪ ಬಂದಾನ! ಮೂರನೇ ಭಾಗ. ಕೊಲ್ಹಾಪುರದಿಂದ ಬಂದ ಕ್ಯಾಸೆಟ್ಟಿನ ಗಂಟಿನ್ಯಾಗ ಸಿಕ್ತು. ಯಾವ ಪಿಚ್ಚರಿಗೆ ಉಗುಳಿ ಬಂದಿದ್ದಿವಿ, ಅದನ್ನ ಇವತ್ತ ಕುಂತ ನೋಡಿ ನಗೂಣು ಬಾ."

ತಗಡಪ್ಪ ಎಂದರೆ ಆ ಸರಣಿಯ ಯಂತ್ರಮಾನವ. ಅವನ ಇಂಗ್ಲಿಷ್ ಹೆಸರು ಐನಾಪುರದವರ ನಾಲಿಗೆಗೆ ಒಗ್ಗಲಿಲ್ಲ. ಮೊದಲ ಭಾಗ ಬಂದ ವಾರವೇ ಅವನಿಗೆ ಈ ನಾಮಕರಣವಾಗಿತ್ತು.

ಇಬ್ಬರೂ ಅಂಗಡಿಯ ಒಳಕೋಣೆಯಲ್ಲಿ ಚಾಪೆಯ ಮೇಲೆ ಕುಳಿತರು. ಮೊದಲರ್ಧ ಗಂಟೆ ಪಾರಿಸ ಮಾತಿಗೊಮ್ಮೆ ನಕ್ಕ, ಧರೆಪ್ಪನೂ ನಕ್ಕ. ಆಮೇಲೆ ಚಿತ್ರದಲ್ಲಿ ಒಂದು ಕಲ್ಲು ಬಂದು ನೌಕೆಯ ಗೋಡೆಯನ್ನು ತೂರಿತು. ಒಳಗಿನ ಗಾಳಿ ಸೋರತೊಡಗಿತು. ನೌಕೆಯ ಮೂವರು ಶಿರಸ್ತ್ರಾಣ ಹಾಕಿಕೊಂಡು, ಬೆನ್ನು ಮಾಡಿ, ತೂಕವಿಲ್ಲದೆ ಗಾಳಿಪಟಗಳಂತೆ ತೇಲುತ್ತಿದ್ದರು. ತೂತು ಎಲ್ಲಿದೆಯೆಂದು ಕಂಡುಹಿಡಿದ ತಗಡಪ್ಪ ಇನ್ನೊಂದು ತುದಿಯಲ್ಲಿ ನಿಂತು ಅವರನ್ನು ಕರೆಯಲು ಸುತ್ತಿಗೆಯಿಂದ ಗೋಡೆ ಬಡಿಯುತ್ತಿದ್ದ. ಪೆಟ್ಟಿನ ಸದ್ದು ಕ್ರಮೇಣ ಕುಗ್ಗಿತು, ಇನ್ನೂ ಕುಗ್ಗಿತು, ಕೊನೆಗೆ ಇಲ್ಲವಾಯಿತು. ಸುತ್ತಿಗೆ ಮಾತ್ರ ಏಳುತ್ತಿತ್ತು, ಬೀಳುತ್ತಿತ್ತು.

"ಇದರೌನ, ಕ್ಯಾಸೆಟ್ಟೂ ಹಂಗ ಐತಲ್ಲೋ!" ಎಂದು ಪಾರಿಸ ಎದ್ದು ಟಿವಿಯ ಧ್ವನಿ ಹೆಚ್ಚಿಸುವ ಗುಬ್ಬಿ ತಿರುವಿದ.

"ಮುಟ್ಟಬ್ಯಾಡ," ಎಂದ ಧರೆಪ್ಪ. ಅವನ ದನಿ ತನಗೇ ಅಪರಿಚಿತವೆನಿಸುವಷ್ಟು ಒರಟಾಗಿತ್ತು.

ಪ್ರತಿ ವರ್ಷ ಜುಲೈಯಲ್ಲಿ ಅವನು ತರಗತಿಯ ಮೇಜಿನ ಮೇಲೆ ಗಾಜಿನ ಗಂಟೆಜಾಡಿಯನ್ನಿಟ್ಟು, ಒಳಗೆ ವಿದ್ಯುತ್ ಗಂಟೆ ಬಾರಿಸಿ, ಪಂಪಿನಿಂದ ಗಾಳಿಯನ್ನು ಹೀರಿ ತೆಗೆಯುತ್ತಿದ್ದ. 'ಬಡಿಗೋಲು ಆಡುವುದು ಕಾಣುತ್ತದೆ, ಸದ್ದು ಕೇಳುವುದಿಲ್ಲ. ಶಬ್ದಕ್ಕೆ ಮಾಧ್ಯಮ ಬೇಕು' ಎಂದು ಹಲಗೆಯ ಮೇಲೆ ಬರೆಯುತ್ತಿದ್ದ. ಆ ಪ್ರಯೋಗವೇ ಈಗ ಪರದೆಯ ಮೇಲಿತ್ತು. ಗೋಡೆಯ ಕಂಪನವೂ ಮುಟ್ಟಬಾರದೆಂದು ಆ ಮೂವರನ್ನು ತೇಲುವಂತೆ ಇರಿಸಿದ್ದರು. ಚಿತ್ರ ಮಾಡಿದವನು ಅಷ್ಟು ಯೋಚಿಸಿದ್ದ. ಧರೆಪ್ಪ ಕೈಗಡಿಯಾರ ನೋಡಿಕೊಂಡ. ಮೌನ ಮೂರು ನಿಮಿಷ ಐವತ್ತು ಸೆಕೆಂಡು ನಡೆಯಿತು.

"ಹಂಗಾರ ಅವತ್ತ ಐನಾಪುರದಾಗ..." ಎಂದು ಪಾರಿಸ ಮಾತು ಶುರು ಮಾಡಿದವನು ಗೆಳೆಯನ ಮುಖ ನೋಡಿ ಅಲ್ಲಿಗೇ ಬಿಟ್ಟ.

ಅವತ್ತು ಐನಾಪುರದಲ್ಲಿ ನಡೆದದ್ದು ಹೀಗೆ.

ದ್ರಾಕ್ಷಿ ತೋಟದ ರಾವಸಾಹೇಬರು ಊರ ಹೊರಗೆ ತಗಡಿನ ಟಾಕೀಸು ಕಟ್ಟಿಸಿದ್ದರು. ಚಾವಣಿಯೂ ತಗಡು, ಗೋಡೆಯೂ ತಗಡು. ಅಲ್ಲಿ ಒಂದು ರೂಢಿಯಿತ್ತು: ಧ್ವನಿ ನಿಂತರೆ ಯಾರೂ ಎದ್ದು ಆಪರೇಟರನ ಬಳಿ ಹೋಗುತ್ತಿರಲಿಲ್ಲ, ಗೋಡೆಯ ಪಕ್ಕ ಕುಳಿತವರು ತಗಡು ಬಡಿಯುತ್ತಿದ್ದರು, ಆಪರೇಟರ್ ಯಂತ್ರ ನೋಡಿ ಸರಿಪಡಿಸುತ್ತಿದ್ದ. ಆಪರೇಟರ್ ಭರಮು ಕುರಿ ಕಾಯುವ ಮನೆತನದವನು. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ರಾವಸಾಹೇಬರ ಪಂಪ್‌ಸೆಟ್ಟು ದುರಸ್ತಿ ಮಾಡುತ್ತ ಮಾಡುತ್ತ ಪ್ರೊಜೆಕ್ಟರನ್ನೂ ಕಲಿತಿದ್ದ.

ಆ ವರ್ಷ ಧರೆಪ್ಪ ನಿಪ್ಪಾಣಿಯ ಕಾಲೇಜಿನಿಂದ ಬಿ.ಎಸ್ಸಿ. ಪ್ರಥಮ ದರ್ಜೆಯಲ್ಲಿ ಮುಗಿಸಿ ಬಂದಿದ್ದ. ಮೊದಲೆರಡು ಭಾಗಗಳಲ್ಲಿ ಸ್ಫೋಟಗಳೇ ಸ್ಫೋಟಗಳು; ಇಂಗ್ಲಿಷ್ ಬಾರದವರಿಗೂ ಅವು ಅರ್ಥವಾಗಿದ್ದವು. ಮೂರನೆಯದು ಬರುವ ಮೊದಲು ಧರೆಪ್ಪ ವಾರವಿಡೀ ಕಟ್ಟೆಯ ಮೇಲೆ ಕುಳಿತು ಅದರ ಮಹತ್ವ ವಿವರಿಸಿದ, ಹಿರಿಯರನ್ನು ಹುರಿದುಂಬಿಸಿದ. ಸಂತೆಯ ದಿನದ ಮಧ್ಯಾಹ್ನದ ಆಟಕ್ಕೆ ಮುನ್ನೂರು ಜನ ಸೇರಿದರು. ಫಿಲ್ಮಿನ ಪೆಟ್ಟಿಗೆ ಮಿರಜದ ಬಸ್ಸಿನಿಂದ ಇಳಿದದ್ದು ಆಟಕ್ಕೆ ಒಂದು ತಾಸು ಮುಂಚೆ. ಆದ್ದರಿಂದ ಭರಮುವೂ ಅದನ್ನು ಮೊದಲ ಸಲವೇ ನೋಡುತ್ತಿದ್ದ. ಧರೆಪ್ಪ ರಾವಸಾಹೇಬರ ಪಕ್ಕದ ಕುರ್ಚಿಯಲ್ಲಿದ್ದ. ಆ ಕುರ್ಚಿ ಗೋಡೆಗೆ ಹತ್ತಿರವಿತ್ತು.

ಧ್ವನಿ ಕುಗ್ಗಿ ನಿಂತಾಗ ಮೊದಲ ಪೆಟ್ಟು ಬಿದ್ದದ್ದು ಅವನ ಕೈಯಿಂದ. ಕ್ಷಣಾರ್ಧದಲ್ಲಿ ನಾಲ್ಕೂ ಗೋಡೆಗಳು ಗುಡುಗಿದವು. ಪರದೆಯ ಮೇಲೆ ತಗಡಪ್ಪ ಸದ್ದಿಲ್ಲದೆ ಬಡಿಯುತ್ತಿದ್ದ, ಕೆಳಗೆ ಐನಾಪುರ ಕಿವಿ ಕಿತ್ತುಹೋಗುವಂತೆ ಬಡಿಯುತ್ತಿತ್ತು.

"ಭರಮ್ಯಾ, ನಿದ್ದಿ ಹತ್ತೇತೇನಲೇ!"

"ಸೌಂಡ್ ಬಿಡಲೇ, ಕುರಿ ಕಾಯಾಂವ!"

ರಾವಸಾಹೇಬರು ಧರೆಪ್ಪನ ಕಡೆ ವಾಲಿ ಎಲ್ಲರಿಗೂ ಕೇಳುವಂತೆ ಕೇಳಿದರು: "ಕಾಯ್ ರೇ ಬಿಎಸ್ಸಿ? ಇದ ಏನ ನಿನ್ನ ಸಾಯನ್ಸ್? ಮೂಕಿ ಪಿಚ್ಚರ್ ತೋರಸಾಕ ಇಷ್ಟ ಮಂದೀನ ಎಬ್ಬಿಸಿಕೊಂಡ ಬಂದಿಯೇನ?"

ಹಿಂದಿನ ಸಾಲುಗಳು ನಕ್ಕವು. ಧರೆಪ್ಪ ಎದ್ದು ನಿಂತ. "ದೋಷ ಪಿಚ್ಚರಿಂದಲ್ಲರಿ, ಆಪರೇಟರ್‌ಂದು," ಎಂದು ಹೇಳಿ ಕಬ್ಬಿಣದ ಏಣಿ ಹತ್ತಿ ಯಂತ್ರದ ಕೋಣೆಗೆ ಹೋದ.

ಭರಮು ಯಂತ್ರ ನಿಲ್ಲಿಸಿ, ಫಿಲ್ಮಿನ ಒಂದು ಮೊಳ ಪಟ್ಟಿಯನ್ನು ಹೊರಗೆಳೆದು ಹಿಡಿದಿದ್ದ. ಪಟ್ಟಿಯ ಅಂಚಿನಲ್ಲಿ ಧ್ವನಿಯ ಗೆರೆ ಇರುತ್ತದೆ. ಯಂತ್ರದೊಳಗಿನ ಒಂದು ಚಿಕ್ಕ ದೀಪ ಅದನ್ನು ಓದಿ ಸದ್ದು ಮಾಡುತ್ತದೆ. ಸದ್ದು ಇರುವಲ್ಲಿ ಆ ಗೆರೆಗೆ ಗರಗಸದಂತೆ ಹಲ್ಲುಗಳು. "ದೀಪ ಹತ್ತೇತ್ರಿ, ಬೇಕಾರ ನೋಡ್ರಿ," ಎಂದ ಭರಮು. "ಇಲ್ಲಿ ಹಲ್ಲ ಸಣ್ಣಾಕ್ಕೋತ ಬಂದಾವ. ಇಲ್ಲಿಂದ ಮುಂದ ಗೆರಿ ಸಪಾಟ. ಸೌಂಡ ಪಿಚ್ಚರ್ ಮಾಡಿದವರ ತಗದಾರ್ರಿ, ನಾ ತಗದಿಲ್ಲ."

ಧರೆಪ್ಪನ ನೆನಪಿನಲ್ಲಿ ಉಳಿದದ್ದು ತಾನು ಹೇಳಿದ ಉತ್ತರ: "ನೀ ನನಗ ಕಲಸ್ತಿಯಾ?" ಪಟ್ಟಿಯನ್ನು ಸರಿಸಿ ಏಣಿ ಇಳಿದನೆಂದು ಅವನು ನಂಬಿದ್ದ. ಕೆಳಗೆ ರಾವಸಾಹೇಬರು ಕಾಗದ ಕೊಟ್ಟು, "ಬರದ ಕೊಡ, ನಾಳೆ ಯಾರೂ ಮಾತಾಡಬಾರದು," ಎಂದರು. ಅವನು ದುಂಡಗಿನ ಅಕ್ಷರಗಳಲ್ಲಿ ಬರೆದ: 'ಧ್ವನಿಯ ದೀಪ ಆರಿದ್ದನ್ನು ಗಮನಿಸದೆ ಆಪರೇಟರ್ ಭರಮು ಯಂತ್ರ ನಡೆಸಿದ್ದಾನೆಂದು ಪರಿಶೀಲಿಸಿ ಬರೆದುಕೊಟ್ಟಿದ್ದೇನೆ. ಧರೆಪ್ಪ, ಬಿ.ಎಸ್ಸಿ., ಪ್ರಥಮ ದರ್ಜೆ.' ರಾವಸಾಹೇಬರು ಪರದೆಯ ಮುಂದೆ ನಿಂತು ಅದನ್ನು ಗಟ್ಟಿಯಾಗಿ ಓದಿದರು. ಭರಮುವಿಗೆ ಅಂದಿನಿಂದಲೇ ಬರಬೇಡವೆಂದು ಹೇಳಲಾಯಿತು. ಉಳಿದ ಆಟವನ್ನು ರಾವಸಾಹೇಬರ ಅಳಿಯ ನಡೆಸಿದ. ಗಡಬಡೆಯಲ್ಲಿ, ಅರ್ಧಕ್ಕೆ ನಿಂತಿದ್ದ ಆ ರೀಲೇ ಬಿಟ್ಟುಹೋಯಿತು. ಕಥೆಗೆ ತಲೆಬುಡವಿಲ್ಲವೆಂದು ಧರೆಪ್ಪ ಬರೆದದ್ದು ಅದಕ್ಕೇ.

ಪಾರಿಸನ ಅಂಗಡಿಯಿಂದ ಕೋಣೆಗೆ ಮರಳಿ ಅವನು ನೋಟುಬುಕ್ಕು ತೆರೆದ. ಹನ್ನೊಂದನ್ನು ಹೊಡೆದು ಎಂಬತ್ತೇಳು ಎಂದು ಬರೆದ. ಕೆಂಪು ಷರಾದ ಎದುರು ಪೆನ್ನು ನಿಂತಿತು. 'ಆಪರೇಟರನ ನಿರ್ಲಕ್ಷ್ಯ.' ಆ ಸಾಲನ್ನು ಇಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಯಾರೂ ಓದದ ಪುಟದಲ್ಲಿ ತಿದ್ದಿದರೆ ಯಾರಿಗೆ ತಿದ್ದಿದಂತಾಯಿತು? ಒಂದು ವಿಷಯ ಅವನನ್ನು ಇನ್ನಷ್ಟು ಕಾಡಿತು. ದೀಪ ಆರಿದರೆ ಸದ್ದು ಒಮ್ಮೆಗೇ ನಿಲ್ಲುತ್ತದೆ. ಇಪ್ಪತ್ತು ಸೆಕೆಂಡು ನಿಧಾನವಾಗಿ ಕುಗ್ಗುವುದಿಲ್ಲ. ತನ್ನ ವಿದ್ಯಾರ್ಥಿ ಯಾವನಾದರೂ ಅಂಥ ಉತ್ತರ ಬರೆದಿದ್ದರೆ ಅವನು ಸೊನ್ನೆ ಹಾಕುತ್ತಿದ್ದ.

ಮರುವಾರ ಅವನು ಮೂರು ಸಲ ಕರಡು ಮಾಡಿ ಒಂದು ಪುಟದ ಕ್ಷಮಾಪಣೆ ಪತ್ರ ಸಿದ್ಧಪಡಿಸಿದ. ಭರಮು ಹೆಂಡತಿಯ ತವರಾದ ಕೊಕಟನೂರಿನಲ್ಲಿ ಕುರಿ ಇಟ್ಟುಕೊಂಡಿದ್ದಾನೆಂದು ಪಾರಿಸ ವಿಚಾರಿಸಿ ಹೇಳಿದ್ದ. ರವಿವಾರ ಬೆಳಗಿನ ಬಸ್ಸಿಗೆ ಅಥಣಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಎಲ್ಲಮ್ಮನ ಗುಡಿಯ ಹತ್ತಿರ ಇಳಿದು ಕೇಳಿಕೊಂಡು ನಡೆದ.

ಭರಮು ಬೇವಿನ ನೆರಳಲ್ಲಿ ಕುಳಿತು ಕುರಿಯ ಗೊರಸು ಕೆತ್ತುತ್ತಿದ್ದ. ಕೂದಲು ಬೆಳ್ಳಗಾಗಿತ್ತು. ಪಕ್ಕದಲ್ಲಿ ಅವನ ಹೆಂಡತಿ ಕೆಂಪವ್ವ ಕದಿರು ತಿರುಗಿಸುತ್ತ ಉಣ್ಣೆ ನೂಲುತ್ತಿದ್ದಳು.

"ಗುರ್ತ ಸಿಕ್ತೇನ?" ಎಂದ ಧರೆಪ್ಪ.

"ಸಿಗದ ಏನ್ರಿ. ಬಿಎಸ್ಸಿ," ಎಂದ ಭರಮು. ದನಿಯಲ್ಲಿ ಚುಚ್ಚು ಇರಲಿಲ್ಲ. ಅವನಿಗೆ ಗೊತ್ತಿದ್ದ ಹೆಸರು ಅದೇ ಆಗಿತ್ತು. "ಬರ್ರಿ, ಕುಂದರ್ರಿ. ಕೆಂಪಿ, ಮಜ್ಜಗಿ ತಾ."

ಮಜ್ಜಿಗೆ ಬಂತು. ಧರೆಪ್ಪ ಅದನ್ನು ಪಕ್ಕಕ್ಕಿಟ್ಟು ಪತ್ರ ಚಾಚಿದ. ಭರಮು ಕೈ ಒರೆಸಿಕೊಂಡ, ಆದರೆ ತೆಗೆದುಕೊಳ್ಳಲಿಲ್ಲ.

"ಅಕ್ಷರ ಬರೂದಿಲ್ರಿ ನನಗ. ಗೆರಿ ಅಷ್ಟ ಓದಾಕ ಬರತಿತ್ತು," ಎಂದ. "ನೀವ ಓದ್ರಿ. ಅವತ್ತಿಂದು ರಾವಸಾಹೇಬ್ರು ಓದಿದ್ರು, ಇವತ್ತಿಂದು ನೀವ ಓದ್ರಿ. ಕೆಂಪಿ, ಕುಂದರ ಇಲ್ಲೆ, ಕೇಳ. ಟಾಕೀಸಿನ ಸುದ್ದಿ."

"ಕೇಳೂದ ಏನೈತಿ ಅದರಾಗ?" ಎಂದಳು ಕೆಂಪವ್ವ. ಆಮೇಲೆ ಅತಿಥಿಯ ಕಡೆ ತಿರುಗಿದಳು. "ನಿದ್ದಿ ಹೊಡದ ನೌಕರಿ ಕಳಕೊಂಡಾಂವ್ರಿ ಇಂವಾ. ಹತ್ತ ವರ್ಷಾತು, ಇನ್ನೂ ಒಪ್ಪವಲ್ಲ. ಪಿಚ್ಚರ್‌ನ್ಯಾಗ ಸೌಂಡ ಇದ್ದಿದ್ದಿಲ್ಲ ಅಂತಾನ. ಸೌಂಡ ಇಲ್ಲದ್ದ ಪಿಚ್ಚರ್ ಎಲ್ಲೆರ ಇರ್ತೇತೇನ್ರಿ? ಮಷಿನ್ ನಡಸೂ ಗಂಡಂತ ನಮ್ಮಪ್ಪ ಕೊಟ್ಟ. ನಾ ಬಂದದ್ದ ಕುರಿ ಹಿಂದ."

ಅದು ಸಿಟ್ಟಿನ ಮಾತಾಗಿರಲಿಲ್ಲ. ಎಷ್ಟೋ ಸಲ ಆಡಿ ನಯವಾದ ಮಾತು. ಭರಮು ನಕ್ಕ, ಕುರಿಯ ಕಾಲು ಬಿಟ್ಟ. ಅವನ ಕಣ್ಣು ಮಾತ್ರ ಕಾಗದದ ಮೇಲಿತ್ತು.

ಧರೆಪ್ಪ ಓದತೊಡಗಿದ. ತರಗತಿಯಲ್ಲಿ ಓದುವ ದನಿ ತಾನಾಗಿ ಬಂತು. 'ಗಾಳಿಯಿಲ್ಲದ ಕಡೆ ಶಬ್ದ ಹರಿಯುವುದಿಲ್ಲ. ಆದಕಾರಣ ಆ ದೃಶ್ಯದಲ್ಲಿ ಧ್ವನಿಯನ್ನು ಉದ್ದೇಶಪೂರ್ವಕವಾಗಿ ತೆಗೆಯಲಾಗಿತ್ತು. ಈ ಸಂಗತಿ ಅಂದು ನನಗೆ ತಿಳಿದಿರಲಿಲ್ಲ. ಭರಮು ತೋರಿಸಿದ ಫಿಲ್ಮಿನ ಪಟ್ಟಿಯನ್ನು ನೋಡುವ ತಾಳ್ಮೆಯನ್ನು ನಾನು ತೋರಲಿಲ್ಲ...'

"ನಿಂದರ್ರಿ," ಎಂದ ಭರಮು. "ನೋಡಿದ್ರಲ್ಲರಿ."

"ಏನು?"

"ಪಟ್ಟಿ. ನೋಡಿದ್ರಿ ನೀವ. ನನ್ನ ಬ್ಯಾಟರಿ ಇಸಕೊಂಡ ಹಿಂದಿಂದ ಬೆಳಕ ಹಿಡದ ನೋಡಿದ್ರಿ. ಅಂಚಿನ ತೂತಕ್ಕ ಉಗುರ ಹಚ್ಚಿ ಎಣಿಸಿದ್ರಿ, ಇಪ್ಪತ್ತನಾಕ ತನಕ. ನನಗ ಅನಸ್ತು, ಶ್ಯಾಣ್ಯಾ ಮನಶ್ಯಾ, ಹೆಂಗ ಎಣಿಸ್ತಾನ ನೋಡ, ಇಂವಗ ತಿಳದೈತಿ ಅಂತ. ಆಮ್ಯಾಲ ನನ್ನ ಮಾರಿ ನೋಡಿದ್ರಿ. ಆಮ್ಯಾಲ ಇಳದ ಹ್ವಾದ್ರಿ."

ಪಟ್ಟಿಯ ಅಂಚು ಉಗುರಿಗೆ ತಾಗಿದ ಅನುಭವ ಮೊದಲು ಮರಳಿತು; ಆಮೇಲೆ ಉಳಿದದ್ದೆಲ್ಲ. ಅದು ಮರೆತುಹೋದದ್ದಾಗಿರಲಿಲ್ಲ. ದಾರಿಯ ನಡುವಿನ ಕಲ್ಲನ್ನು ದಿನವೂ ಬಳಸಿ ನಡೆಯುವಂತೆ ಅವನು ಹತ್ತು ವರ್ಷ ಅದನ್ನು ಬಳಸಿ ನಡೆದಿದ್ದ. ಹಲ್ಲುಗಳು ಕ್ರಮವಾಗಿ ಗಿಡ್ಡವಾಗುತ್ತ ಹೋದದ್ದನ್ನು ಅವನು ಕಂಡಿದ್ದ. ಯಂತ್ರದೊಳಗಿನ ದೀಪ ಹೊತ್ತಿದ್ದನ್ನೂ ಕಂಡಿದ್ದ. 'ಹೌದಲ್ಲ, ಅಲ್ಲಿ ಗಾಳಿಯಿಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಕೆಳಗಿನಿಂದ ರಾವಸಾಹೇಬರು "ಏನಾತೋ ಬಿಎಸ್ಸಿ?" ಎಂದು ಕೂಗಿದ್ದರು. ನಿಜ ಹೇಳಬೇಕಾದರೆ ಪರದೆಯ ಮುಂದೆ ನಿಂತು, ಮೊದಲು ತಗಡು ಬಡಿದವನು ನಾನೇ, ಓದಿದವನಿಗೆ ಹೊಳೆಯದ್ದು ಓದದವನಿಗೆ ಕಂಡಿತು ಎಂದು ಮುನ್ನೂರು ಜನರಿಗೆ ಹೇಳಬೇಕಾಗಿತ್ತು. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡ ಕಾರಣವೊಂದು ಇದ್ದೀತೆಂದು ಆ ಬೇವಿನ ನೆರಳಿನಲ್ಲಿ ಅವನು ಹುಡುಕಿದ, ಸಿಗಲಿಲ್ಲ.

ಕಾಗದ ಮೊಣಕಾಲ ಮೇಲಿತ್ತು. ಓದುವ ದನಿ ಈಗ ಬರಲಿಲ್ಲ.

"ನೋಡಿದ್ದೆ, ಭರಮು," ಎಂದ. "ನನಗ ಗೊತ್ತಾಗಿತ್ತು. ದೀಪ ಹತ್ತಿತ್ತು. ನಿಂದೇನ ತಪ್ಪ ಇದ್ದಿದ್ದಿಲ್ಲ. ಗೊತ್ತಿದ್ದೂ ಬರದ ಕೊಟ್ಟೆ. ಮಂದಿ ನಗತಾರಂತ."

ಕೆಂಪವ್ವನ ಕದಿರು ನಿಂತಿತು. ಅವಳು ಧರೆಪ್ಪನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು.

"ಹಂಗಾರ ನೀ ಮಲಗಿದ್ದಿಲ್ಲ?"

"ಇಲ್ಲಬೇ. ಹೇಳಾಕತ್ತೇನಲ್ಲ ಹತ್ತ ವರ್ಷದಿಂದ."

"ನಮ್ಮಪ್ಪನೂ ಅಂದ. ನಮ್ಮಣ್ಣನೂ ಅಂದ. ಬಂದ ಬೀಗರ ಮುಂದ ನಾನೂ ಅಂದೆ," ಎಂದಳು ಕೆಂಪವ್ವ. ಬೆರಳಿಗೆ ಸುತ್ತಿದ ನೂಲನ್ನು ಬಿಚ್ಚಿದಳು, ಮತ್ತೆ ಸುತ್ತಿದಳು. "ನಮ್ಮಪ್ಪ ಅದ ಮಾತ ಅಂದ್ಕೋತ ಸತ್ತ."

ದೊಡ್ಡಿಯಲ್ಲಿ ಮರಿಯೊಂದು ಅರಚಿತು. ಅವಳು ಧರೆಪ್ಪನ ಕಡೆ ತಿರುಗಿದಳು.

"ಆ ಕಾಗದ ಇಲ್ಲೇ ಬಿಟ್ಟ ಹೋಗ್ರಿ. ನಮ್ಮ ಲಗಮವ್ವ ಸಾಲಿಗೆ ಹೋಗ್ತಾಳ, ಓದ್ತಾಳ. ನಮ್ಮಣ್ಣನ ಮುಂದ ಓದಸ್ತೇನಿ."

ಧರೆಪ್ಪ ಕಿಸೆಯಿಂದ ಪೆನ್ನು ತೆಗೆದ. ಮೂರು ಕರಡುಗಳ ನಂತರವೂ ಆ ಪತ್ರದಲ್ಲಿ ಎರಡು ಸುಳ್ಳುಗಳಿದ್ದವು. 'ತಿಳಿದಿರಲಿಲ್ಲ' ಎಂಬ ಸಾಲನ್ನು ಹೊಡೆದ. 'ತಾಳ್ಮೆಯನ್ನು ತೋರಲಿಲ್ಲ' ಎಂಬುದನ್ನೂ ಹೊಡೆದ. ಮೇಲೆ ಬರೆದ: 'ನೋಡಿದ್ದೆ. ತಿಳಿದಿತ್ತು. ಸುಳ್ಳು ಬರೆದುಕೊಟ್ಟೆ.' ಅವನ ಅಕ್ಷರ ಮೊದಲ ಸಲ ಗೆರೆ ಬಿಟ್ಟು ಸೊಟ್ಟಗೆ ಹೋಯಿತು. ಕೊನೆಯಲ್ಲಿ ಸಹಿಯ ಪಕ್ಕ ರೂಢಿಯಿಂದ ಬರೆದ ಪದವಿಗಳು ಕಂಡವು, ಎಂ.ಎಸ್ಸಿ. ಸಹಿತ. ಅವುಗಳನ್ನು ಓದಲು ಬಾರದಷ್ಟು ಗೀಚಿ ಕಾಗದವನ್ನು ಕೆಂಪವ್ವನ ಕೈಗೆ ಕೊಟ್ಟ.

"ಮಜ್ಜಗಿ ಕುಡೀರಿ, ಬಿಸಲಾಗ ಬಂದೀರಿ," ಎಂದಳು ಅವಳು. ಅದರಲ್ಲಿ ಕ್ಷಮೆ ಇರಲಿಲ್ಲ. ಮನೆಗೆ ಬಂದವರಿಗೆ ಹೇಳುವ ಮಾತಾಗಿತ್ತು ಅದು. ಕಾಗದವನ್ನು ನಾಲ್ಕಾಗಿ ಮಡಚಿ ಸೊಂಟದ ಚೀಲಕ್ಕೆ ಸೇರಿಸಿ ಒಳಗೆ ಹೋದಳು.

ಧರೆಪ್ಪ ಲೋಟ ಹಿಡಿದುಕೊಂಡು ಕುಳಿತ. ಕುಡಿಯುವುದೂ ಆಗಲಿಲ್ಲ, ಇಡುವುದೂ ಆಗಲಿಲ್ಲ.

"ಒಂದ ಕೇಳಲೇನ್ರಿ?" ಎಂದ ಭರಮು. ಅವನು ಈ ಮಾತಿಗಾಗಿಯೇ ಇಷ್ಟು ಹೊತ್ತು ಕಾದಂತಿತ್ತು. "ಆ ತಗಡಪ್ಪ ಬಡ್ಯಾಕತ್ತಿದ್ದ. ಅಲ್ಲಿಗೆ ನಾ ಮಷಿನ್ ನಿಲ್ಲಿಸಿದೆ. ಮುಂದಿಂದು ನೋಡಲೇ ಇಲ್ಲ. ಅವರು ಹೊಳ್ಳಿ ನೋಡಿದ್ರೇನ್ರಿ? ಗೊತ್ತಾತೇನ ಅವರಿಗೆ?"

"ಲಗೂನ ಗೊತ್ತಾಗಲಿಲ್ಲ," ಎಂದ ಧರೆಪ್ಪ. "ತೇಲಾಕತ್ತಿದ್ರಲ್ಲ, ಗ್ವಾಡಿ ಮುಟ್ಟಿದ್ದಿಲ್ಲ. ಭಾಳ ಹೊತ್ತ ಅಂವಾ ಬಡದ. ಕಡೀಕ ಒಬ್ಬನ ಬೂಟ ಹೋಗಿ ಗ್ವಾಡಿಗೆ ತಾಕತೈತಿ. ಕಾಲಾಗ ಪೆಟ್ಟ ಗೊತ್ತಾಗಿ ಹೊಳ್ಳಿ ನೋಡತಾನ. ಎಲ್ಲಾರೂ ಹೋಗಿ ತೂತ ಮುಚ್ಚಿ ಗಾಳಿ ಬಿಡತಾರ. ಆವಾಗ ಸುತ್ತಿಗಿ ಸೌಂಡ ಬರತೈತಿ. ಮೊದಲ ಸಣ್ಣಗ. ಆಮ್ಯಾಲ ದೊಡ್ಡದ."

ಭರಮು ತಲೆ ಅಲ್ಲಾಡಿಸುತ್ತ ಕೇಳಿದ. ಆಮೇಲೆ ಗೊರಸು ಕೆತ್ತುವ ಚೂರಿಯ ತುದಿಯಿಂದ ಮಣ್ಣಿನ ಮೇಲೆ ಒಂದು ನೇರವಾದ ಗೆರೆ ಎಳೆದ, ಸುಮಾರು ಒಂದು ಮೊಳ. ಅದರ ತುದಿಯಲ್ಲಿ ಸಣ್ಣ ಹಲ್ಲುಗಳನ್ನು ಮಾಡಿದ. ಮುಂದೆ ಮುಂದೆ ಅವು ದೊಡ್ಡವಾದವು.

"ಹಿಂಗ ಇರಬೇಕು," ಎಂದ. "ಹೌದಲ್ಲರಿ?"

ಧರೆಪ್ಪ ಲೋಟವನ್ನು ನೆಲಕ್ಕಿಟ್ಟು, ಬಗ್ಗಿ, ಗೆರೆಯನ್ನು ತುದಿಯಿಂದ ತುದಿಗೆ ನೋಡಿದ. ಭರಮು ಉತ್ತರಕ್ಕಾಗಿ ಅವನ ಮುಖ ನೋಡುತ್ತಿದ್ದ, ಯಂತ್ರದ ಕೋಣೆಯಲ್ಲಿ ನೋಡಿದ ಹಾಗೆಯೇ.

"ಹೌದು," ಎಂದ ಧರೆಪ್ಪ, ಮುಖ ಮೇಲೆತ್ತಲಾಗದೆ.